ಸೈರನ್, ಸಾರು ಮತ್ತು ಸರದಿ

ದಾವಣಗೆರೆಯವರಿಗೆ ಶಿಸ್ತಿಲ್ಲ ಎನ್ನುವವರು ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟನ್ನು ಮಾತ್ರ ನೋಡಿದವರು. ಗೇಟು ಬಿತ್ತೆಂದರೆ ಸಾಕು, ಆ ಕಡೆಯವರು ಈ ಕಡೆಯವರು ರಸ್ತೆಯ ಪೂರ್ತಿ ಅಗಲಕ್ಕೆ ಎದುರುಬದುರು ನಿಂತು, ಅದು ಮೇಲೆದ್ದ ಕೂಡಲೇ ಕುರುಕ್ಷೇತ್ರಕ್ಕೆ ಇಳಿಯುತ್ತಿದ್ದರು. ಸೈಕಲ್ಲಿನವರಿಗಂತೂ ಅದು ಗೇಟೇ ಅಲ್ಲ, ಸೊಂಟದ ವ್ಯಾಯಾಮ.

ಅದೇ ಮಹಾಶಯರನ್ನು ಬೆಣ್ಣೆದೋಸೆ ಹೋಟೆಲಿನಲ್ಲಿ ನೋಡಬೇಕು. ತಿನ್ನುತ್ತಿರುವವರ ಬೆನ್ನಿಗೆ ಆತು, ಅವರ ತಟ್ಟೆಯಲ್ಲಿ ಇನ್ನೆಷ್ಟು ತುತ್ತು ಉಳಿದಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ, ತುಟಿ ಪಿಟಕ್ಕೆನ್ನದೆ ನಿಂತಿರುತ್ತಾರೆ. “ಇನ್ನೂ ಸ್ವಲ್ಪ ತಡಾ ಆಗುತ್ರೀ” ಎಂದು ಒಳಗಿನಿಂದ ಕೂಗು ಬಂದರೆ “ಆಗ್ಲಿ ಬಿಡ್ರಿ” ಎಂಬ ಉತ್ತರದಲ್ಲಿ ಭಕ್ತಿಯೇ ಇರುತ್ತದೆ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಇಲ್ಲಿ ರಾಗಿಯ ದೋಸೆ ಹಾಕತೊಡಗಿದರಂತೆ. ಅಕ್ಕಿ, ಬೆಣ್ಣೆ ಆಮೇಲೆ ಬಂದವು. ಅಂದಿನಿಂದ ಊರು ಪೊಲೀಸರಿಗಿಂತ ಕಾವಲಿಗೇ ಹೆಚ್ಚು ವಿಧೇಯ. ಸೌದೆ ಒಲೆಗೆ ಶಿಫಾರಸು ನಡೆಯುವುದಿಲ್ಲವಲ್ಲ!

ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಆಗ ಊರನ್ನು ಎಬ್ಬಿಸುತ್ತಿದ್ದದ್ದು ಕೋಳಿಯಲ್ಲ, ಸೈರನ್. ಸೈರನ್ನಿಗೆ ಓಡೋಡಿ ಹೋದ ಕಾರ್ಮಿಕರೇ ಸಂಘದ ಕರೆಗೆ ಅಷ್ಟೇ ಶಿಸ್ತಾಗಿ ಹೊರಗೂ ಬರುತ್ತಿದ್ದರು. ಕಾರ್ಮಿಕ ನಾಯಕ ಪಂಪಾಪತಿ ಶಾಸಕರಾದದ್ದು ಆ ಎರಡನೆಯ ಶಿಸ್ತಿನಿಂದ. ಮಾಲೀಕರು ಇದನ್ನು ಶಿಸ್ತೆಂದು ಒಪ್ಪುತ್ತಿರಲಿಲ್ಲ, ಆ ಮಾತು ಬೇರೆ.

ಪಕ್ಕದ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ತಯಾರಿಸುತ್ತಿತ್ತು. ಅವುಗಳ ಜೊತೆಗೆ ನಮ್ಮ ದೊಡ್ಡಪ್ಪನನ್ನೂ ತಯಾರಿಸಿತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡಿಭಾಗವನ್ನು ಗುಜರಿಗೆ ಎಸೆಯುವ ಕೆಲಸ ಅವರದು. ಹೊಸ ಶತಮಾನದ ಹೊಸ್ತಿಲಲ್ಲಿ ಕಾರ್ಖಾನೆ ಬಾಗಿಲು ಹಾಕಿತು; ದೊಡ್ಡಪ್ಪ ಹಾಕಲಿಲ್ಲ. ಸ್ನಾನ ಫಸ್ಟ್ ಶಿಫ್ಟು, ತಿಂಡಿ ಜನರಲ್ ಶಿಫ್ಟು. ಚಪಾತಿ ವೃತ್ತ ತಪ್ಪಿದ್ದರೆ ಬೆರಳಲ್ಲಿ ಸುತ್ತಳತೆ ನೋಡಿ, “ಇದು ರಿಜೆಕ್ಟ್” ಎಂದು ನನ್ನ ತಟ್ಟೆಗೆ ವರ್ಗಾಯಿಸುತ್ತಿದ್ದರು. ಅವರ ಗುಜರಿ ಅಂಗಳ ನಾನೇ. ದೊಡ್ಡಮ್ಮ ಒಂದು ದಿನ ಲಟ್ಟಣಿಗೆ ಎತ್ತಿ ಹಿಡಿದೇ ಹೇಳಿದರು: “ನಿಮ್ಮ ಫ್ಯಾಕ್ಟರಿ ಮುಚ್ಚಿ ಯಾವ ಕಾಲ ಆತು! ನನ್ನ ಅಡಿಗೆಮನೆ ಇನ್ನೂ ಶಿಫ್ಟಿನಾಗೇ ಐತಲ್ಲ?” ದೊಡ್ಡಪ್ಪ ಪೇಪರಿನ ಹಿಂದಕ್ಕೆ ಸರಿದರು. ಕಾರ್ಮಿಕ ಸಂಘದ ಮುಂದೆ ಆಡಳಿತ ವರ್ಗ ಹೀಗೆಯೇ ಸರಿಯುತ್ತಿತ್ತಂತೆ.

ಹರಿಹರೇಶ್ವರನನ್ನು ಎತ್ತದೆ ಹರಿಹರದ ಮಾತು ಮುಗಿಯುವುದಿಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಒಂದೇ ವಿಗ್ರಹದಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಎಂಟು ನೂರು ವರ್ಷವಾದರೂ ಒಬ್ಬರ ಪಥಕ್ಕೆ ಇನ್ನೊಬ್ಬರು ನುಗ್ಗಿಲ್ಲ. ಹೊರಗೆ ಪಿ.ಬಿ. ರಸ್ತೆಯಲ್ಲಿ ಎರಡು ಆಟೋಗಳು ಎಂಟು ನಿಮಿಷ ಹಾಗಿದ್ದರೆ ನಾನು ಹಣ್ಣುಕಾಯಿ ಮಾಡಿಸುತ್ತೇನೆ.

ಹೆಲ್ಮೆಟ್ಟಿಗೆ ದಂಡ ಹಾಕಿ ಹಾಕಿ ಪೊಲೀಸರ ಪೆನ್ನು ಸವೆಯಿತು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಊರದೇವಿಯ ಹೆಸರಿನಲ್ಲಿ ಹೊರಬೀಡಿಗೆ ಸಾರು ಹಾಕಿದರೆ ರಸೀದಿ ಪುಸ್ತಕವೇ ಬೇಡ. ಒಂದು ತಮಟೆ, ಒಂದು ಕೂಗು. ಮರುದಿನ ಊರಿಗೆ ಊರೇ ಮನೆಗೆ ಬೀಗ ಜಡಿದು, ಕೋಳಿ ಕುರಿ ಅಜ್ಜಿ ಸಮೇತ ಹೊಲಕ್ಕೆ ಹೋಗಿ ಅಲ್ಲೇ ಒಲೆ ಹೂಡುತ್ತದೆ. ಚಾರ್ಜರ್ ಮರೆತೆ ಎಂದು ಯಾರೂ ಒಳಗೆ ನುಸುಳುವುದಿಲ್ಲ. ನೋಡುವವರು ಯಾರು ಎಂದು ಒಬ್ಬ ಹುಡುಗನನ್ನು ಕೇಳಿದೆ. “ಅಮ್ಮ ನೋಡ್ತಾಳ್ರೀ” ಎಂದ. ದೇವಿಯೋ ಅವನ ಹೆತ್ತಮ್ಮನೋ ತಿಳಿಯಲಿಲ್ಲ. ಇಬ್ಬರ ಕೈಯೂ ಭಾರವೇ.

ಮೊನ್ನೆ ದೊಡ್ಡಪ್ಪನನ್ನು ದೋಸೆಗೆ ಕರೆದುಕೊಂಡು ಹೋಗಿದ್ದೆ. ಕಾದು ಕಾದು ಗಡಿಯಾರ ನೋಡಿಕೊಂಡವರು ಎದ್ದು ನೇರ ಒಲೆಯ ಹತ್ತಿರ ಹೋದರು. ಜಗಳವೇ ಆಯಿತೆಂದು ನಾನು ಹಿಂದೆ ಓಡಿದೆ. ಭಟ್ಟ ತಲೆ ಎತ್ತದೆ, “ಕುಂದ್ರಿ ಯಜಮಾನ್ರೇ, ಅರೆಬೆಂದಿದ್ ಕೊಡಲ್ಲ ನಾನು” ಎಂದ. ದೊಡ್ಡಪ್ಪ ಕಾವಲಿಯನ್ನೂ ಅವನನ್ನೂ ಒಂದು ಸಲ ನೋಡಿ ತೆಪ್ಪಗೆ ಬಂದು ಕೂತರು.

“ಇನ್‌ಸ್ಪೆಕ್ಷನ್ ಸ್ಟ್ರಿಕ್ಟ್ ಐತಪ್ಪ,” ಎಂದು ನನಗೆ ಹೇಳಿ, ಇನ್ನೊಂದು ದೋಸೆಗೂ ಈಗಲೇ ಸರದಿ ಹಚ್ಚಿಸಿದರು.