ಹೊಳಿ ದಂಡಿ ಮೋಟಾರ್

(ಆನೆಗೊಂದಿ. ತುಂಗಭದ್ರೆಯ ದಂಡೆ. ನೀರಿನ ಡ್ರಮ್ಮಿಗೆ ಬಿಗಿದ ಹಳೆಯ ದೋಣಿ ಮೋಟಾರ್.)

ಕೊಳ್ಳುವವ: ಯಣ್ಣಾ, ಮೋಟಾರ್ ಬಿಸಿ ಐತಲ್ಲ! ನಾ ಬರೂದ್ರಾಗ ಚಾಲೂ ಮಾಡಿದ್ದೇನು?

ಮಾರುವವ: ಏ ಇಲ್ಲಪ್ಪ, ಗಂಗಾವತಿ ಬಿಸಲು!

ಕೊಳ್ಳುವವ: ಗೇರ್ ಆಯಿಲ್ ಹಾಲಿನಂಗ ಬೆಳ್ಳಗ ಆಗೈತಿ. ಸೀಲ್ ಹೋಗಿ ನೀರು ಹೊಕ್ಕಾವು.

ಮಾರುವವ: ಹಾಲಿನ್ಯಾಗ ನೀರಿದ್ರ ಸುಮ್ಮನ ಕುಡೀತಿ. ಆಯಿಲ್‌ನ್ಯಾಗ ಇದ್ರ ಪಂಚಾಯ್ತಿ ಮಾಡ್ತಿ!

ಕೊಳ್ಳುವವ: (ಮೋಟಾರ್ ಚಾಲೂ ಮಾಡಿ) ಇಂಜಿನ್ ತಂಪು ಮಾಡೋ ನೀರು ಹಿಂದಿನ ತೂತಿನಿಂದ ಚಿಮ್ಮಬೇಕು. ಹನಿನೂ ಬೀಳವಲ್ದು. ಪಂಪಿನ ರಬ್ಬರ್ ಚಕ್ರ ಸವದೈತಿ.

ಮಾರುವವ: ಎಡದಂಡೆ ಕಾಲುವಿ ಕೊನೀ ರೈತರಿಗೇ ನೀರು ಮುಟ್ಟವಲ್ದು. ಈ ತೂತಿಗೇನು ಅವಸರ?

ಕೊಳ್ಳುವವ: (ಬಂದ್ ಮಾಡಿ, ಮತ್ತೆ ಜಗ್ಗಿ) ಚಾಲೂ ಮಾಡೋ ಹಗ್ಗ ಹರದೈತಲ್ಲೋ!

ಮಾರುವವ: 2024ರಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನೇ ಹರೀತು. ಇದು ಬರೇ ಹಗ್ಗ.

ಕೊಳ್ಳುವವ: ನಡು ಹೊಳ್ಯಾಗ ನಿಂತ್ರ?

ಮಾರುವವ: ಅದಕ್ಕ ಜೋಡಿ ಹರಿಗೋಲು ಪುಕ್ಕಟೆ ಕೊಡ್ತೀನಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಾಯಸ್ ಬುಟ್ಟಿಯಂಥ ದೋಣಿ ನೋಡಿ ಬರದಿಟ್ಟಾನ. ಇಷ್ಟು ಹಳೇ ಮಾಡೆಲ್, ಒಮ್ಮೆನೂ ಬಿಸಿ ಆಗಿಲ್ಲ!

ಕೊಳ್ಳುವವ: ಹಂಗಾರ ಹರಿಗೋಲಿಗೆ ರೊಕ್ಕ ಕೊಡ್ತೀನಿ. ಮೋಟಾರ್ ನೀನಽ ಇಟ್ಕೊ, ಪುಕ್ಕಟೆ!