ಎರಡೇ ಫಂಕ್ಷನ್ನು, ಸಂಜೆಯೊಳಗೆ ಮುಗಿಯುತ್ತೆ

ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಮಲಗುತ್ತದೆ, ತೆರೆದರೆ ಏಳುತ್ತದೆ ಎಂದು ನಂಬಿರುವ ಜನ ಪುಣ್ಯವಂತರು. ನಾನೂ ಹಾಗೇ ನಂಬಿದ್ದೆ. ಆದರೆ ಅದನ್ನು ಮಲಗಿಸುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಲಿನಕ್ಸ್ ಡ್ರೈವರ್ ಬರೆದುಕೊಂಡಿದ್ದ ನನಗೆ, ಹೊಸ ಟಚ್‌ಪ್ಯಾಡ್ ಚಿಪ್ಪಿನ ಡ್ರೈವರಿಗೆ ಸಸ್ಪೆಂಡ್-ರೆಸ್ಯೂಮ್ ಸೇರಿಸುವ ಕೆಲಸ ಬಂತು. ‘ಎಷ್ಟು ದಿನ ಬೇಕು?’ ಅಂದರು ಮ್ಯಾನೇಜರು. ‘ಎರಡೇ ಫಂಕ್ಷನ್ನು ಸಾರ್, ಸಂಜೆಯೊಳಗೆ ಮುಗಿಯುತ್ತೆ’ ಅಂದೆ. ಯಾವ ಸಂಜೆ ಎಂದು ಅವರು ಕೇಳಲಿಲ್ಲ. ದೊಡ್ಡ ಮನಸ್ಸು.

ಲಿನಕ್ಸ್ ಮಲಗುವುದಕ್ಕೆ ಒಂದು ಶಾಸ್ತ್ರವಿದೆ. ಮೊದಲು ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ ಇದ್ದಲ್ಲೇ ಹೆಪ್ಪುಗಟ್ಟಿಸಬೇಕು. ಆಮೇಲೆ ಡಿವೈಸ್‌ಗಳ ಸರದಿ. ಮಕ್ಕಳು ಮೊದಲು ಮಲಗಬೇಕು, ಹೆತ್ತವರು ಆಮೇಲೆ. ಏಳುವಾಗ ಹೆತ್ತವರು ಮೊದಲು. ಇದು ನಾನು ಕಟ್ಟಿದ ಉಪಮೆಯಲ್ಲ, ಕರ್ನಲ್‌ನವರೇ ಇಟ್ಟ ಹೆಸರು. ಟಚ್‌ಪ್ಯಾಡ್ ಮಗು, ಅದನ್ನು ಹೊತ್ತ ಐ2ಸಿ ಕಂಟ್ರೋಲರ್ ತಾಯಿ. ಮಲಗುವಾಗ ಯಾವುದೋ ಒಂದು ಡ್ರೈವರ್ ಎರರ್ ಅಂದರೂ ಮುಗಿಯಿತು, ಅಷ್ಟರವರೆಗೆ ಮಲಗಿದವರನ್ನೆಲ್ಲ ಎಬ್ಬಿಸಿ ಕಾರ್ಯಕ್ರಮ ರದ್ದು.

ಅದೂ ಒಂದೇ ಸುತ್ತಿನಲ್ಲಿ ಅಲ್ಲ. ಪ್ರಿಪೇರ್, ಸಸ್ಪೆಂಡ್, ಸಸ್ಪೆಂಡ್ ಲೇಟ್, ಕೊನೆಗೆ ಸಸ್ಪೆಂಡ್ ನೋ-ಐಆರ್‌ಕ್ಯೂ. ಏಳುವಾಗ ಇದೇ ಮೆಟ್ಟಿಲು ಉಲ್ಟಾ. ನೋ-ಐಆರ್‌ಕ್ಯೂ ಸುತ್ತಿನಲ್ಲಿ ಡ್ರೈವರಿನ ಇಂಟರಪ್ಟ್ ಹ್ಯಾಂಡ್ಲರನ್ನು ಕರ್ನಲ್ ಕರೆಯುವುದೇ ಇಲ್ಲ. ಬಹುಪಾಲು ಡ್ರೈವರ್‌ಗಳಿಗೆ ಸಾದಾ ಸಸ್ಪೆಂಡ್ ಸುತ್ತೇ ಸಾಕು. ನನಗೆ ಸಾದಾ ರುಚಿಸಲಿಲ್ಲ. ಕೋಡ್ ರಿವ್ಯೂನಲ್ಲಿ ನಾಲ್ಕು ಜನ ಹುಬ್ಬೇರಿಸಲಿ ಎಂದು ಎರಡೂ ಫಂಕ್ಷನ್ನುಗಳನ್ನು ಕೊನೆಯ ಸುತ್ತಿಗೇ ಹಾಕಿದೆ. ಮಲಗುವಾಗ ರೀಸೆಟ್ ಲೈನ್ ಇಳಿಸಿ ಚಿಪ್ಪನ್ನು ಸುಮ್ಮನಾಗಿಸುವುದು. ಏಳುವಾಗ ಲೈನ್ ಎತ್ತಿ, ‘ನಾನು ರೆಡಿ’ ಎಂದು ಚಿಪ್ಪು ಇಂಟರಪ್ಟ್ ಕೊಡುವವರೆಗೆ ಕಾಯುವುದು. ಚೊಕ್ಕ ಕೋಡು. ಜಾಣ ಓದುಗರು ಇಲ್ಲಿಗೇ ನಗಲು ಶುರು ಮಾಡಿರುತ್ತಾರೆ. ನನಗೆ ನಗು ಬರಲು ಇನ್ನೂ ಬಹಳ ಹೊತ್ತಿತ್ತು.

ಪರೀಕ್ಷೆಗೆ ಬೇರೆ ಯಂತ್ರ ಕೇಳಿದರೆ ಅರ್ಜಿ, ಅಪ್ರೂವಲ್, ಅದು ಇದು. ಆಫೀಸಿನವರು ನನಗೆ ಕೊಟ್ಟಿದ್ದ ಲ್ಯಾಪ್‌ಟಾಪಿನಲ್ಲೇ ಅದೇ ಚಿಪ್ಪು ಇತ್ತು. ಇನ್ನೇನು ಬೇಕು? ಮೇಲು, ಮೀಟಿಂಗು, ಸ್ಯಾಲರಿ ಸ್ಲಿಪ್ಪು ಎಲ್ಲ ಇದ್ದ ಅದಕ್ಕೇ ಹೊಸ ಡ್ರೈವರ್ ತುಂಬಿದೆ. ಕರ್ನಲ್‌ನಲ್ಲಿ ಪಿಎಂ ಟೆಸ್ಟ್ ಎಂಬ ಸೌಕರ್ಯವಿದೆ: ಹೇಳಿದ ಹಂತದವರೆಗೆ ಮಲಗಿ, 5 ಸೆಕೆಂಡು ಕಾದು, ತಾನೇ ಎದ್ದು ಬರುತ್ತದೆ. ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂದು ಹಂತಗಳು. ನನ್ನದು ಡಿವೈಸ್ ಡ್ರೈವರ್ ತಾನೇ? ಡಿವೈಸಸ್ ಹಂತ ಓಡಿಸಿದೆ. ಮಲಗಿತು, ಎದ್ದಿತು, ಕರ್ಸರ್ ಜಿಂಕೆಮರಿ ಆಯಿತು. ನೋ-ಐಆರ್‌ಕ್ಯೂ ಸುತ್ತು ಬರುವುದು ಅದರ ಮುಂದಿನ ಹಂತದಲ್ಲಿ. ಅಂದರೆ ಪಾಸಾದ ಪರೀಕ್ಷೆಯಲ್ಲಿ ನನ್ನ ಎರಡು ಫಂಕ್ಷನ್ನುಗಳನ್ನು ಯಾರೂ ಮಾತೇ ಆಡಿಸಿರಲಿಲ್ಲ. ನಾನು ಅಷ್ಟರಲ್ಲಿ ಕ್ಯಾಂಟೀನಿನಲ್ಲಿ ಪಕ್ಕದ ಸೀಟಿನವನಿಗೆ ‘ಜನ ಸುಮ್ನೆ ಹೆದರಿಸ್ತಾರಪ್ಪ’ ಎನ್ನುತ್ತ ಮಸಾಲೆ ದೋಸೆ ಕೊಡಿಸುತ್ತಿದ್ದೆ.

ರಾತ್ರಿ ಮನೆಯಲ್ಲಿ ನಿಜವಾದ ನಿದ್ದೆಗೆ ಕಳಿಸಿದೆ. ಹೋಯಿತು. ಬರಲಿಲ್ಲ. ಪರದೆ ಕಪ್ಪು, ಕ್ಯಾಪ್ಸ್‌ಲಾಕ್ ಒತ್ತಿದರೆ ದೀಪವಿಲ್ಲ, ಫ್ಯಾನು ಮಾತ್ರ ಒಂದೇ ಶ್ರುತಿಯಲ್ಲಿ. ಡ್ರೈವರಿನವರಿಗೆ ಗೊತ್ತಿರುವ ಔಷಧ ಒಂದೇ, ಸಾಲಿಗೊಂದು ಪ್ರಿಂಟ್ ಹಾಕುವುದು. ಹಾಕಿದೆ. ಆದರೆ ಆ ಹೊತ್ತಿಗೆ ಕನ್ಸೋಲ್ ಕೂಡ ಮಲಗಿರುತ್ತದೆ, ಪ್ರಿಂಟು ಕಾಣುವುದೆಲ್ಲಿ? ಕನ್ಸೋಲನ್ನು ಎಚ್ಚರವಾಗಿಡುವ ಬೂಟ್ ಆಯ್ಕೆಯೊಂದಿದೆ. ಅದರಿಂದ ಪ್ರಯೋಜನವಾಗಲು ಸೀರಿಯಲ್ ಪೋರ್ಟ್ ಬೇಕು. ಹಪ್ಪಳದಷ್ಟು ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಅದನ್ನು ಯಾರು ಇಟ್ಟಿರುತ್ತಾರೆ?

ಆಗ ಕಣ್ಣಿಗೆ ಬಿದ್ದದ್ದು ಪಿಎಂ ಟ್ರೇಸ್. 2006ರಲ್ಲಿ ಸ್ವತಃ ಲೈನಸ್ ಟೋರ್ವಾಲ್ಡ್ಸ್ ಬರೆದದ್ದು, ಕಿಲಾಡಿ ಉಪಾಯ. ಹೆಪ್ಪುಗಟ್ಟಿದ ಯಂತ್ರವನ್ನು ಪವರ್ ಬಟನ್ ಅದುಮಿ ಆರಿಸಿದರೆ ಮೆಮೊರಿಯಲ್ಲಿದ್ದದ್ದೆಲ್ಲ ಹೋಗುತ್ತದೆ, ಗಡಿಯಾರದ ಚಿಪ್ಪು ಮಾತ್ರ ನಡೆಯುತ್ತಲೇ ಇರುತ್ತದೆ. ಹಾಗಿದ್ದರೆ ಸುಳಿವನ್ನು ಅಲ್ಲೇ ಬಚ್ಚಿಡು! ಎಬ್ಬಿಸಲು ಹೊರಟ ಡಿವೈಸಿನ ಹೆಸರನ್ನು ಒಂದು ಸಂಖ್ಯೆ ಮಾಡಿ, ಅದನ್ನು ವರ್ಷ, ತಿಂಗಳು, ದಿನ, ಗಂಟೆಗಳ ವೇಷದಲ್ಲಿ ಗಡಿಯಾರಕ್ಕೆ ಬರೆಯುತ್ತದೆ. ಮತ್ತೆ ಬೂಟ್ ಆದಾಗ ಕರ್ನಲ್ ಆ ತಾರೀಖನ್ನು ಬಿಡಿಸಿ, ಕೊನೆಗೆ ಮುಟ್ಟಿದ್ದು ಯಾರನ್ನು ಎಂದು ಹೇಳುತ್ತದೆ. ಗಡಿಯಾರ ಕೆಡುತ್ತದೆ ಎಂಬ ಎಚ್ಚರಿಕೆಯೂ ಇದೆ. ಕೆಡಲಿ ಬಿಡು, ಈ ಹೊತ್ತಿನಲ್ಲಿ ಟೈಮು ಯಾರಿಗೆ ಬೇಕು ಅಂದುಕೊಂಡೆ.

ಲ್ಯಾಪ್‌ಟಾಪ್ ಎದ್ದದ್ದು 2047ರಲ್ಲಿ. ನನ್ನ ಸರ್ಟಿಫಿಕೇಟಿನ ಅವಧಿ ಮುಗಿದಿದೆ ಎಂದು ವಿಪಿಎನ್ ಒಳಗೆ ಬಿಡಲಿಲ್ಲ. ಮೇಲ್ ತೆರೆಯಲಿಲ್ಲ. ಟೈಮ್ ಸರಿ ಮಾಡಿಕೊಡುವ ಆಫೀಸಿನ ಸರ್ವರ್ ಇದ್ದದ್ದು ಅದೇ ವಿಪಿಎನ್ ಒಳಗೆ. ಗಾಬರಿಯಲ್ಲಿ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದೆ.

‘ಸಾರ್, ಸ್ಕ್ರೀನ್ ಮೇಲೆ ಡೇಟ್ ಎಷ್ಟಿದೆ?’

‘2047, ಆಗಸ್ಟ್ 19.’

ಆ ಕಡೆ ಕೀಬೋರ್ಡ್ ಸದ್ದು ನಿಂತಿತು. ‘ಅಷ್ಟೊತ್ತಿಗೆ ರಿಟೈರ್ ಆಗಿರ್ತೀರಲ್ಲ ಸಾರ್, ಅಕೌಂಟ್ ಹೇಗಿರುತ್ತೆ?’

‘ತಮಾಷೆ ಬೇಡಪ್ಪ. ಈಗೇನು ಮಾಡ್ಲಿ?’

‘ಸೆಟ್ಟಿಂಗ್ಸ್‌ಗೆ ಹೋಗಿ ಡೇಟ್ ಚೇಂಜ್ ಮಾಡಿ ಸಾರ್, ಅಷ್ಟೇ. ಯಾವ ಡಿಪಾರ್ಟ್‌ಮೆಂಟು ನೀವು?’

‘ಅಕೌಂಟ್ಸ್’ ಅಂದೆ.

ಅದಕ್ಕೂ ಮೊದಲು ಅವಸರದಲ್ಲಿ ಮಾಡಿದ್ದ ಒಂದು ಕಮಿಟ್ ಗಿಟ್‌ನಲ್ಲಿ 2047ರ ಮೊಹರು ಹೊತ್ತು ಇವತ್ತಿಗೂ ಕೂತಿದೆ. ಹೊಸದಾಗಿ ಸೇರಿದ ಹುಡುಗರಿಗೆ ಅದನ್ನು ಯಾರೋ ಒಬ್ಬರು ತೋರಿಸಿಯೇ ತೋರಿಸುತ್ತಾರೆ.

ಬೂಟ್ ಲಾಗಿನಲ್ಲಿ ಸಿಕ್ಕಿಬಿದ್ದ ಡಿವೈಸ್ ಯಾವುದು? ನನ್ನದೇ ಟಚ್‌ಪ್ಯಾಡು. ಇಂಟರಪ್ಟ್‌ಗಳಿಗೆ ಪ್ರವೇಶವಿಲ್ಲದ ಸುತ್ತಿನಲ್ಲಿ ನನ್ನ ಕೋಡು ಇಂಟರಪ್ಟಿಗಾಗಿ ಕಾಯುತ್ತಿತ್ತು, ಕಾಲಿಂಗ್ ಬೆಲ್ಲಿನ ವೈರು ತಾನೇ ಕಿತ್ತು ನೆಂಟರು ಬೆಲ್ ಒತ್ತಲಿ ಎಂದು ಬಾಗಿಲ ಹಿಂದೆ ಕೂತವರ ಹಾಗೆ. ಕಾಯುವುದಕ್ಕೆ ಟೈಮ್‌ಔಟ್ ಕೂಡ ಇಟ್ಟಿರಲಿಲ್ಲ. ಚಿಪ್ಪು ಪಾಪ ಯಾವಾಗಲೋ ರೆಡಿ ಎಂದಿರಬೇಕು, ಕೇಳಿಸಿಕೊಳ್ಳುವವರು ಬೇಕಲ್ಲ. ಎರಡೂ ಫಂಕ್ಷನ್ನುಗಳನ್ನು ಸಾದಾ ಸುತ್ತಿಗೆ ಸರಿಸಿದೆ, ಟೈಮ್‌ಔಟ್ ಹಾಕಿದೆ. ಎದ್ದು ಬಂತು. ರಿವ್ಯೂನಲ್ಲಿ ಯಾರೂ ಹುಬ್ಬೇರಿಸಲಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಮ್ಯಾನೇಜರಿಗೆ ಇನ್ನೊಂದು ಆಸೆ: ಟಚ್‌ಪ್ಯಾಡ್ ಮುಟ್ಟಿದರೆ ಸಾಕು, ಲ್ಯಾಪ್‌ಟಾಪ್ ಏಳಬೇಕು. ‘ಒಂದೇ ಲೈನು ಸಾರ್’ ಅಂದೆ. ಚಿಪ್ಪನ್ನು ರೀಸೆಟ್‌ನಲ್ಲಿಡದೆ ಕಡಿಮೆ ಪವರ್‌ನಲ್ಲಿ ತೂಕಡಿಸಲು ಬಿಟ್ಟು, ಅದರ ಇಂಟರಪ್ಟಿಗೆ ಯಂತ್ರವನ್ನು ಎಬ್ಬಿಸುವ ಅಧಿಕಾರ ಕೊಟ್ಟೆ. ಮುಚ್ಚಳ ಹಾಕಿರುವಾಗ ಆ ಅಧಿಕಾರ ವಾಪಸ್ ಪಡೆಯಬೇಕು ಎಂಬುದು ಹೊಳೆಯಲಿಲ್ಲ. ತುಂಬಿ ತುಳುಕುವ ಬ್ಯಾಗಿನಲ್ಲಿ ಪರದೆ ಬಾಗಿ ಟಚ್‌ಪ್ಯಾಡಿಗೆ ತಾಗಿದರೆ ಅದೂ ಮುಟ್ಟಿದ ಹಾಗೇ ತಾನೇ?

ಅವತ್ತು ಸಂಜೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತ್ತು, ಬ್ಯಾಗು ತೊಡೆಯ ಮೇಲೆ. ಇಂದಿರಾನಗರ ದಾಟುವ ಹೊತ್ತಿಗೆ ತೊಡೆ ಬಿಸಿ. ಎಂ.ಜಿ. ರಸ್ತೆ ಬರುವಷ್ಟರಲ್ಲಿ ಬ್ಯಾಗಿನೊಳಗಿಂದ ಫ್ಯಾನಿನ ಸದ್ದು. ಪಕ್ಕದ ಹಿರಿಯರು ಬ್ಯಾಗಿನ ಮೇಲೆ ಕೈಯಿಟ್ಟು ನೋಡಿ ನನ್ನ ಮುಖ ನೋಡಿದರು.

‘ಏನಪ್ಪಾ, ಊಟದ ಡಬ್ಬೀನಾ? ಇನ್ನೂ ಬಿಸಿಯಾಗೇ ಇದೆ.’

‘ಹೌದು ಸಾರ್,’ ಅಂದೆ, ‘ಉಪ್ಪಿಟ್ಟು.’