ಅಟ್ಟದ ಕಾಯಿ ಮತ್ತು ಅಂತರ್ಜಾಲ: ಅರಳಗುಪ್ಪೆ ಮೂಲದ ಒಂದು ಮೀಮಾಂಸೆ

ಒಬ್ಬನೇ ಕೂತು ಕಟ್ಟಿದ, ನೀಲಿ ಅಡಿಗೆರೆಯ ಕೊಂಡಿಗಳುಳ್ಳ, ‘ಕೆಲಸ ನಡೆಯುತ್ತಿದೆ’ ಎಂಬ ಫಲಕವನ್ನು ವರ್ಷಗಟ್ಟಲೆ ಹೊತ್ತ ಖಾಸಗಿ ಜಾಲತಾಣ ಅಮೆರಿಕದಲ್ಲಿ ಹುಟ್ಟಿತೆಂದು ಪಂಡಿತರು ನಂಬಿದ್ದಾರೆ. ಅದರ ಮೂಲ ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಸಾಕ್ಷ್ಯ ಕಲ್ಲೇಶ್ವರ ಗುಡಿಯ ಚಾವಣಿಯಲ್ಲೇ ಇದೆ. ಒಂಬತ್ತನೇ ಶತಮಾನದ ಆ ನೊಳಂಬ ಕೆತ್ತನೆಯ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ಅಂಕಣಗಳಲ್ಲಿ ದಿಕ್ಪಾಲಕರು. ಇಂದ್ರನಿಂದ ಹೊರಟವನು ಅಗ್ನಿ, ಯಮ, ನಿರೃತಿ ಎನ್ನುತ್ತ ಈಶಾನನವರೆಗೆ ನಡೆದು ಮತ್ತೆ ಇಂದ್ರನಿಗೇ ಬಂದು ಸೇರುತ್ತಾನೆ. ತೊಂಬತ್ತರ ದಶಕದಲ್ಲಿ ಒಂದೇ ಹುಚ್ಚಿನ ತಾಣಗಳು ‘ಹಿಂದಿನದು’, ‘ಮುಂದಿನದು’ ಎಂಬ ಗುಂಡಿಗಳಿಂದ ಕೈಕೈ ಹಿಡಿದು ‘ವೆಬ್‌ರಿಂಗ್’ ಎಂದು ಕರೆದುಕೊಂಡದ್ದು ಇದನ್ನೇ. ಅಲ್ಲಿ ಒಬ್ಬ ಬಾಡಿಗೆ ಕಟ್ಟದಿದ್ದರೆ ಬಳೆ ಒಡೆಯಿತು. ಇಲ್ಲಿ ಯಮನಂಥ ಯಮನೂ ಸಾವಿರದ ನೂರು ವರ್ಷದಿಂದ ಕೊಂಡಿ ಕಳಚಿಲ್ಲ. ಅದೇ ಊರಿನ ಹೊಯ್ಸಳರ ಚೆನ್ನಕೇಶವ ಗುಡಿಯಲ್ಲಿ ಹೊನೋಜನೆಂಬ ಶಿಲ್ಪಿ ವಿಗ್ರಹದಡಿ ತನ್ನ ಹೆಸರನ್ನೂ ಕೊರೆದಿದ್ದಾನೆ. ‘ಈ ಪುಟದ ನಿರ್ವಾಹಕ’ ಎಂದು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಹೇಗೆ?

ಇನ್ನು ಶೋಧನ ವಿಧಾನ. ಸಾಮಾಜಿಕ ಜಾಲದ ಬರಹ ಎಳನೀರಿದ್ದಂತೆ: ಕೊಚ್ಚು, ಕುಡಿ, ಬುರುಡೆ ಎಸೆ. ಖಾಸಗಿ ತಾಣವಾದರೋ ಉಂಡೆ ಕೊಬ್ಬರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ವರ್ಷ ಮರೆತುಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಡ. ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಗೂಗಲ್ ಕಾಯಿಯ ಹೊರಮಟ್ಟೆಯನ್ನಷ್ಟೇ ನೋಡಿ ಬೆಲೆ ಕಟ್ಟುವ ದಲ್ಲಾಳಿ. ಹಳೆಯ ತಾಣ ಬೇಕಾದವನು ಅಟ್ಟ ಹತ್ತಲೇಬೇಕು: ಒಂದು ಪುಟದ ತಳದಲ್ಲಿರುವ ‘ನನ್ನ ಮೆಚ್ಚಿನ ಕೊಂಡಿಗಳು’ ಹಿಡಿದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಧೂಳು ಕೊಡವುತ್ತ. ಈ ವಿಧಾನಕ್ಕೆ ನಮ್ಮಲ್ಲಿ ಪೂರ್ವಾಚಾರ್ಯರೂ ಇದ್ದಾರೆ. ಬಿ. ಎಲ್. ರೈಸ್ ಊರೂರಿನ ಶಾಸನ ಹುಡುಕಿಸಿ, ತಾಲ್ಲೂಕುವಾರು ನಂಬರು ಕೊಟ್ಟು, 1904ರಲ್ಲಿ ತುಮಕೂರು ಜಿಲ್ಲೆಯ ಸಂಪುಟವನ್ನು ಅಚ್ಚು ಹಾಕಿಸಿದರು. ಬಳಸಿದ್ದು ಎತ್ತಿನ ಗಾಡಿ, ಕುದುರೆ ಎಂಬುದರಿಂದ ಅದು ಸರ್ಚ್ ಎಂಜಿನ್ ಅಲ್ಲವೆಂದು ವಾದಿಸುವುದು ಹಟ.

ಪೂರ್ವಪಕ್ಷ: ಹಳೆಯ ಕನ್ನಡ ತಾಣಗಳನ್ನು ತೆರೆದರೆ ಅಕ್ಷರದ ಬದಲು ಅನ್ಯಗ್ರಹದ ಗೀಚು ಕಾಣುತ್ತದಲ್ಲ? ನಿಜ. ಪವನಜರ ‘ವಿಶ್ವಕನ್ನಡ’ 1996ರಲ್ಲೇ ಜಾಲಕ್ಕೆ ಬಂತು, 1998ರಲ್ಲಿ ‘ಬರಹ’ ತಂತ್ರಾಂಶ ಬಂತು. ಯುನಿಕೋಡ್ ರೂಢಿಯಾಗುವ ಮುನ್ನ ಬರೆದದ್ದನ್ನು ಓದಲು ಅದದೇ ಫಾಂಟು ಬೇಕಿತ್ತು. ಆದರೆ ಹಳಗನ್ನಡದ ಕಲ್ಲನ್ನು ಓದಲಾಗದವನು ಕಲ್ಲು ಕೆಟ್ಟಿದೆ ಎನ್ನುವುದಿಲ್ಲ, ಲಿಪಿತಜ್ಞರನ್ನು ಕರೆಸುತ್ತಾನೆ. ಎರಡನೆಯ ಆಕ್ಷೇಪ ಕೊಂಚ ಗಟ್ಟಿ: ಇಂಥ ತಾಣಗಳಲ್ಲಿ ಬಹುಪಾಲು ಬೆಕ್ಕಿನ ಫೋಟೋ, ಮುಗಿಯದ ಪ್ರವಾಸಕಥನ. ಒಪ್ಪೋಣ. ಯಾವ ಚೀಲದಲ್ಲಿ ಕೌಟು ಇಲ್ಲ? ಕೌಟು ಹಿಡಿದದ್ದನ್ನೂ ಬಿಸಾಡದೆ ಎಣ್ಣೆಗೆ ಹಾಕುವ ಸೀಮೆಯಿದು.

ಕೊನೆಯ ವಾದ, ಕಲ್ಲಿಗೂ ಪರದೆಗೂ ಹೋಲಿಕೆಯೇ ಸಲ್ಲದೆಂಬುದು. ಇದಕ್ಕೆ ಜಿಯೋಸಿಟೀಸ್ ಉತ್ತರ. 1994ರಲ್ಲಿ ಶುರುವಾಗಿ ಜನಕ್ಕೆ ಬಿಟ್ಟಿ ಮನೆ ಹಂಚಿದ ಆ ತಾಣವನ್ನು 1999ರಲ್ಲಿ ಯಾಹೂ ಕೊಂಡಿತು, 2009ರಲ್ಲಿ ಮುಚ್ಚಿತು. ನಡೆದದ್ದು ಹದಿನೈದು ವರ್ಷ. ಹೋಲಿಕೆ ಸಲ್ಲದಿರುವುದು ಹೌದು, ಆದರೆ ನಾಚಬೇಕಾದ್ದು ಪರದೆ. ಅರಳಗುಪ್ಪೆಯ ಪರವಾಗಿ ಒಂದು ಕೊರತೆಯನ್ನು ಮಾತ್ರ ಪ್ರಾಮಾಣಿಕವಾಗಿ ದಾಖಲಿಸಬೇಕು: ಹೊನೋಜ ಹೆಸರು ಕೊರೆದ, ಸರಿ, ಸಂಪರ್ಕಕ್ಕೆ ಈಮೇಲ್ ವಿಳಾಸ ಕೊಡುವುದನ್ನು ಮರೆತ.